ಕಡಿಮೆ ಕಂದಾಯದ ಊರಿಗೆ ಬಿದ್ದ ದಂಡ

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಮನೆ ಇರುವವರಿಗೆ ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಕಂದಾಯದ ಬಿಲ್ಲು ಕೈಸೇರಿರುತ್ತದೆ. ಎರಡು ಕಂತು. ಮೊದಲನೆಯದನ್ನು ಡಿಸೆಂಬರ್ 10ರೊಳಗೆ, ಎರಡನೆಯದನ್ನು ಏಪ್ರಿಲ್ 10ರೊಳಗೆ ಕಟ್ಟದಿದ್ದರೆ ಶೇ. 10 ದಂಡ. ಬಿಲ್ಲಿನ ಮೇಲ್ಭಾಗದಲ್ಲಿ ಜಾಗದ ಬೆಲೆ ಒಂದು ಕಡೆ, ಕಟ್ಟಡದ ಬೆಲೆ ಇನ್ನೊಂದು ಕಡೆ. ಸ್ವಂತ ವಾಸದ ಮನೆಯಾದರೆ 7,000 ಡಾಲರ್ ವಿನಾಯ್ತಿ. ಅಂದರೆ ತೆರಿಗೆಯಲ್ಲಿ ಉಳಿಯುವುದು 70 ಡಾಲರ್. ಅದರ ಕೆಳಗೆ ಒಂದು ಪರ್ಸೆಂಟ್ ತೆರಿಗೆಯ ಸಾಲು. ಆಮೇಲೆ ಶಾಲೆಯ ಬಾಂಡು, ಕಾಲೇಜಿನ ಬಾಂಡು, ನಿವೇಶನಕ್ಕೆ ಇಷ್ಟು ಎಂದು ಹಾಕುವ ಪಾರ್ಸೆಲ್ ತೆರಿಗೆ ಎಂದು ಸಣ್ಣ ಸಾಲುಗಳು.

ಒಂದೇ ಬೀದಿಯ ಅಕ್ಕಪಕ್ಕದ ಮನೆಗಳ ಕಂದಾಯದಲ್ಲಿ ಐದು ಪಟ್ಟು, ಹತ್ತು ಪಟ್ಟು ವ್ಯತ್ಯಾಸ ಇರಬಹುದು ಎನ್ನುವುದು ಅಲ್ಲಿನ ಕನ್ನಡಿಗರಿಗೆಲ್ಲ ಗೊತ್ತು. ಸಂಕ್ರಾಂತಿ ಊಟಕ್ಕೆ ಸೇರಿದಲ್ಲಿ ಈ ಮಾತು ಬಂದೇ ಬರುತ್ತದೆ. ಹಳಬರದು ಹಳೆಯ ಬೆಲೆ, ಹೊಸಬರದು ಹೊಸ ಬೆಲೆ. ಎಲ್ಲದಕ್ಕೂ ಕಾರಣ ಪ್ರಪೊಸಿಷನ್ 13, ಮನೆ ಕಂದಾಯಕ್ಕೆ ಮಿತಿ ಹಾಕಲು 1978ರಲ್ಲಿ ಜನ ಮತ ಹಾಕಿ ತಂದ ಸಂವಿಧಾನ ತಿದ್ದುಪಡಿ. ಅಲ್ಲಿಗೆ ಮಾತು ಮುಗಿಯುತ್ತದೆ. ನನ್ನನ್ನು ಕಾಡಿದ್ದು ಬೇರೆ. ಆ ಒಂದು ಪರ್ಸೆಂಟ್ ಯಾರ ಕೈಗೆ ಹೋಗುತ್ತದೆ? ಪ್ರತಿ ಡಾಲರಿನಲ್ಲಿ ಯಾರಿಗೆ ಎಷ್ಟು ಸೆಂಟು ಎಂದು ಕೌಂಟಿಯ ಲೆಕ್ಕದಲ್ಲಿ ಇದೆ. ಆಪಲ್ ಕಂಪನಿಯ ಊರಾದ ಕ್ಯುಪರ್ಟಿನೋದ ಸಾಲು ನೋಡಿದರೆ ಆಶ್ಚರ್ಯವಾಗುತ್ತದೆ. ಮಿಲಿಯಗಟ್ಟಲೆ ಡಾಲರ್ ಬಾಳುವ ಮನೆಗಳಿರುವ ಆ ಊರಿನ ನಗರಸಭೆಗೆ ಡಾಲರಿಗೆ ಹತ್ತು ಸೆಂಟೂ ಸಿಗುವುದಿಲ್ಲ. ಪಕ್ಕದ ಸರಟೋಗ, ಲಾಸ್ ಆಲ್ಟೋಸ್ ಹಿಲ್ಸ್, ಮಾಂಟೆ ಸೆರೆನೋ ಊರುಗಳದ್ದೂ ಇದೇ ಕಥೆ.

ಈ ನಾಲ್ಕು ಊರುಗಳನ್ನು ಒಟ್ಟಿಗೆ ಕಟ್ಟಿರುವುದು 1979ರ ಒಂದು ಕಾನೂನು. ಆ ವರ್ಷದ 282ನೇ ಅಧ್ಯಾಯ. ಆಡುಮಾತಿನಲ್ಲಿ ಎಬಿ 8. ಓದಲು ಕಷ್ಟದ ಕಾನೂನು, ಕಂಸದೊಳಗೆ ಕಂಸ. ತಿರುಳು ಮಾತ್ರ ಸರಳ: 1978ಕ್ಕೆ ಮುಂಚೆ ಯಾವ ಸಂಸ್ಥೆ ಮನೆ ಕಂದಾಯದಲ್ಲಿ ಎಷ್ಟು ಪಾಲು ಎತ್ತುತ್ತಿತ್ತೋ, ಇನ್ನು ಮುಂದೆಯೂ ಅದಕ್ಕೆ ಹೆಚ್ಚುಕಡಿಮೆ ಅದೇ ಪಾಲು. ಹೆಚ್ಚು ತೆರಿಗೆ ಹಾಕುತ್ತಿದ್ದ ಊರಿಗೆ ಹೆಚ್ಚು ಪಾಲು ಖಾಯಂ. ಕಡಿಮೆ ಹಾಕುತ್ತಿದ್ದ ಊರಿಗೆ ಕಡಿಮೆ ಪಾಲು ಖಾಯಂ.

ಈಗ ಆ ನಾಲ್ಕು ಊರುಗಳ ಹುಟ್ಟಿಗೆ ಹೋಗಬೇಕು. ಕ್ಯುಪರ್ಟಿನೋ 1955ರಲ್ಲಿ ನಗರವಾಯಿತು, ಉಳಿದವು ಅದರ ಬೆನ್ನಲ್ಲೇ. ಆ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಹೊಸ ಪದ್ಧತಿ ಶುರುವಾಗಿತ್ತು. 1954ರಲ್ಲಿ ಲಾಸ್ ಏಂಜಲೀಸ್ ಬಳಿಯ ಲೇಕ್‌ವುಡ್ ಎಂಬ ಊರು ತನ್ನದೇ ಪೊಲೀಸ್ ಇಲಾಖೆ ಕಟ್ಟಿಕೊಳ್ಳದೆ ಕೌಂಟಿಯ ಶೆರಿಫನಿಗೆ ಗುತ್ತಿಗೆ ಕೊಟ್ಟಿತು. ಆಳುಕಾಳು ಕಡಿಮೆ, ಖರ್ಚು ಕಡಿಮೆ, ತೆರಿಗೆಯೂ ಕಡಿಮೆ. ಕ್ಯುಪರ್ಟಿನೋದಲ್ಲೂ ಪೊಲೀಸ್ ಕೆಲಸ ಶೆರಿಫನದು, ಬೆಂಕಿ ಆರಿಸುವುದು ಬೇರೆ ಸಂಸ್ಥೆ, ಲೈಬ್ರರಿ ಕೌಂಟಿಯದು. ಸರಕಾರ ಚಿಕ್ಕದಾಗಿರಬೇಕು, ಜನರ ಜೇಬಿಗೆ ಹೆಚ್ಚು ಕೈ ಹಾಕಬಾರದು ಎಂದು ಅಮೆರಿಕದ ಕನ್ಸರ್ವೇಟಿವರು ಹೇಳುತ್ತಾರಲ್ಲ, ಅದನ್ನು ಮಾಡಿ ತೋರಿಸಿದ ಊರುಗಳು ಇವು. ಕನ್ಸರ್ವೇಟಿವರ ಅತಿ ದೊಡ್ಡ ಗೆಲುವು ಎಂದು ಹೆಸರಾದ ಪ್ರಪೊಸಿಷನ್ 13ರ ಹೊಡೆತ ಮೊದಲು ಬಿದ್ದದ್ದು ಇವುಗಳ ಬೆನ್ನಿಗೇ. ಇದು ಹೇಗಾಯಿತು ಎಂದು ತಿಳಿಯಲು ಮೂಲ ದಾಖಲೆಗೇ ಹೋದೆ.

1978ರ ಜೂನ್ 6ರ ಮತದಾನಕ್ಕೆ ರಾಜ್ಯ ಸರಕಾರ ಮನೆಮನೆಗೆ ಕಳಿಸಿದ ಮತದಾರರ ಕೈಪಿಡಿ ಈಗ ಸ್ಯಾನ್ ಫ್ರಾನ್ಸಿಸ್ಕೋದ ಕಾನೂನು ಕಾಲೇಜಿನ ಸಂಗ್ರಹದಲ್ಲಿ ಸ್ಕ್ಯಾನ್ ಆಗಿ ಸಿಗುತ್ತದೆ. ಕೈಪಿಡಿಯಲ್ಲಿ ಪ್ರತಿ ಪ್ರಸ್ತಾವಕ್ಕೂ ಒಂದೇ ಕ್ರಮ: ಶಾಸಕಾಂಗದ ಹಣಕಾಸು ತಜ್ಞರ ವಿವರಣೆ, ಆಮೇಲೆ ಪರ ವಾದ, ವಿರೋಧ ವಾದ. ಪ್ರಪೊಸಿಷನ್ 13ರ ಪ್ರಸ್ತಾವ ತಂದ ಹೌವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಸಹಿ ಮಾಡಿದ ಪರ ವಾದದಲ್ಲಿ ಮುಖ್ಯ ಮಾತುಗಳು ಎದ್ದು ಕಾಣುತ್ತವೆ. ಜಾರ್ವಿಸನ ದನಿ ಎಷ್ಟು ಜೋರಾಗಿತ್ತು ಎಂದು ಕಾಗದದ ಮೇಲೆಯೇ ಗೊತ್ತಾಗುತ್ತದೆ. ತಜ್ಞರ ಲೆಕ್ಕದ ಪ್ರಕಾರ ಸ್ಥಳೀಯ ಸಂಸ್ಥೆಗಳಿಗೆ ಮೊದಲ ವರ್ಷದಲ್ಲೇ ಸುಮಾರು 700 ಕೋಟಿ ಡಾಲರ್ ಖೋತಾ.

ತಿದ್ದುಪಡಿಯ ಪಠ್ಯ ತೀರಾ ಚಿಕ್ಕದು. ಸ್ಥಿರಾಸ್ತಿ ತೆರಿಗೆ ಬೆಲೆಯ ಶೇ. 1 ಮೀರಬಾರದು. ಬೆಲೆ ಎಂದರೆ 1975ರ ಬೆಲೆ; ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆ. ರಾಜ್ಯ ತೆರಿಗೆ ಏರಿಸಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು. ಊರುಗಳು ವಿಶೇಷ ತೆರಿಗೆ ಹಾಕಬೇಕಾದರೆ ಮತದಾರರಲ್ಲಿ ಮೂರನೇ ಎರಡು ಪಾಲು ಒಪ್ಪಬೇಕು. ಇವು ಎಲ್ಲರಿಗೂ ಗೊತ್ತಿರುವ ಅಂಶಗಳು. ಇವುಗಳ ನಡುವೆ, ಮೊದಲ ಕಲಮಿನಲ್ಲೇ, ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ವಾಕ್ಯ ಇದೆ. ಆ ಒಂದು ಪರ್ಸೆಂಟನ್ನು ಕೌಂಟಿಗಳು ವಸೂಲು ಮಾಡಿ, ತಮ್ಮ ವ್ಯಾಪ್ತಿಯ ಸಂಸ್ಥೆಗಳಿಗೆ ಕಾನೂನಿನ ಪ್ರಕಾರ ಹಂಚತಕ್ಕದ್ದು ಎಂಬುದು ಅದರ ಅರ್ಥ.

ಯಾವ ಕಾನೂನು? ಅಂಥ ಕಾನೂನು ಆಗ ಇರಲೇ ಇಲ್ಲ, ಅದರ ಅಗತ್ಯವೂ ಇರಲಿಲ್ಲ. ಅಲ್ಲಿಯವರೆಗೆ ಪ್ರತಿ ನಗರ, ಪ್ರತಿ ಶಾಲಾ ಮಂಡಳಿ, ಪ್ರತಿ ಕೌಂಟಿ ತನಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ ತನ್ನದೇ ದರ ನಿಗದಿ ಮಾಡುತ್ತಿತ್ತು. ದರ ಹೆಚ್ಚಾಯಿತೆಂದರೆ ಊರವರು ಮುಂದಿನ ಚುನಾವಣೆಯಲ್ಲಿ ಬುದ್ಧಿ ಕಲಿಸುತ್ತಿದ್ದರು. ಇನ್ನು ಮುಂದೆ ಎಲ್ಲರಿಗೂ ಸೇರಿ ಒಂದೇ ಪರ್ಸೆಂಟ್ ಎಂದಮೇಲೆ ಪಾಲು ಮಾಡಲು ಯಜಮಾನ ಬೇಕಲ್ಲ? ಆ ಯಜಮಾನ ಸ್ಯಾಕ್ರಮೆಂಟೋದಲ್ಲಿ ಕೂತ ರಾಜ್ಯ ಶಾಸಕಾಂಗ. ಸರಕಾರವನ್ನು ಜನರ ಹತ್ತಿರ ತರುತ್ತೇವೆ ಎಂದವರೇ ತಮ್ಮೂರಿನ ಹುಂಡಿಯ ಕೀಲಿಯನ್ನು ರಾಜಧಾನಿಗೆ ಕಳಿಸಿಕೊಟ್ಟರು, ಒಂದೇ ವಾಕ್ಯದಲ್ಲಿ.

ಜನರ ಸಿಟ್ಟಿಗೆ ಕಾರಣ ಇರಲಿಲ್ಲ ಎಂದಲ್ಲ. ಅದರ ಬೇರು 1960ರ ದಶಕದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ ಅಸೆಸರ್, ಅಂದರೆ ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿ, ರಸೆಲ್ ವೋಲ್ಡನ್ ವ್ಯಾಪಾರಿಗಳಿಗೆ ಮೌಲ್ಯ ಇಳಿಸಿಕೊಡಲು ಲಂಚ ತಿಂದು ಸಿಕ್ಕಿಬಿದ್ದ, 1966ರಲ್ಲಿ ಅಪರಾಧಿ ಎಂದು ತೀರ್ಪಾಯಿತು. ಅದೇ ವರ್ಷ ಶಾಸಕಾಂಗ ಎಬಿ 80 ಎಂಬ ಸುಧಾರಣಾ ಕಾನೂನು ತಂದು, ಎಲ್ಲ ಆಸ್ತಿಗೂ ಮಾರುಕಟ್ಟೆ ಬೆಲೆಯ ಶೇ. 25ರ ಮೇಲೆ ಒಂದೇ ಅಳತೆಯಲ್ಲಿ ತೆರಿಗೆ ಎಂದು ಗೊತ್ತು ಮಾಡಿತು. ಕಾಗದದ ಮೇಲೆ ನ್ಯಾಯವೇ. ಆದರೆ ಹಳೆಯ ಅಸೆಸರುಗಳು ಅಂಗಡಿಯವರಿಂದ ಹೆಚ್ಚು ಕಿತ್ತು, ಮತ ಹಾಕುವ ಮನೆಯವರಿಗೆ ಸದ್ದಿಲ್ಲದೆ ರಿಯಾಯಿತಿ ಕೊಡುತ್ತಿದ್ದರು. ಸುಧಾರಣೆ ಬಂದು ಆ ರಿಯಾಯಿತಿ ಹೋಯಿತು. ಆ ಲಂಚಕೋರ ಅಸೆಸರನನ್ನೇ ವಾಪಸ್ ತನ್ನಿ ಎಂದು ಜನ ಕಾರಿನ ಹಿಂದೆ ಚೀಟಿ ಅಂಟಿಸಿಕೊಂಡರಂತೆ.

1970ರ ದಶಕದಲ್ಲಿ ಮನೆ ಬೆಲೆ ಗಗನಕ್ಕೇರಿತು, ಕಂದಾಯವೂ ಅದರ ಹಿಂದೆಯೇ ಏರಿತು. ನಿವೃತ್ತಿ ವೇತನದಲ್ಲಿ ಬದುಕುವವರು ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದಾದರೂ ಹೇಗೆ? ಇತ್ತ ರಾಜ್ಯದ ಬೊಕ್ಕಸದಲ್ಲಿ ಸುಮಾರು 500 ಕೋಟಿ ಡಾಲರ್ ಹೆಚ್ಚುವರಿ ಹಣ ಕೂತಿತ್ತು. ರಾಜ್ಯಪಾಲ ಜೆರ್ರಿ ಬ್ರೌನ್ ಅದನ್ನು ಬಿಚ್ಚಲಿಲ್ಲ. ಜೊತೆಗೆ ಶಾಲೆಗಳ ಖರ್ಚಿನಲ್ಲಿ ಶ್ರೀಮಂತ ಊರು, ಬಡ ಊರು ಎಂಬ ಭೇದ ಕೂಡದು ಎಂದು ರಾಜ್ಯದ ಸುಪ್ರೀಂ ಕೋರ್ಟು 1971 ಮತ್ತು 1976ರ ಸೆರಾನೋ ತೀರ್ಪುಗಳಲ್ಲಿ ಹೇಳಿತ್ತು. ನಾವು ಕಟ್ಟುವ ಕಂದಾಯ ನಮ್ಮ ಮಕ್ಕಳ ಶಾಲೆಗೇ ಹೋಗುವುದಿಲ್ಲ ಎಂದಮೇಲೆ ಯಾಕೆ ಕಟ್ಟಬೇಕು ಎಂಬ ಲೆಕ್ಕಾಚಾರವೇ ಈ ತೆರಿಗೆ ಬಂಡಾಯಕ್ಕೆ ಮೂಲ ಎಂದು ವಿಲಿಯಂ ಫಿಶೆಲ್ ಎಂಬ ಅರ್ಥಶಾಸ್ತ್ರಜ್ಞ ವಾದಿಸುತ್ತಾನೆ. ಅಲ್ಲ, ಎಬಿ 80ರಲ್ಲಿ ಕಳೆದುಹೋದ ರಿಯಾಯಿತಿಯೇ ಮೂಲ ಎನ್ನುತ್ತಾನೆ ಸಮಾಜಶಾಸ್ತ್ರಜ್ಞ ಐಸಾಕ್ ಮಾರ್ಟಿನ್. ನನಗೆ ಮಾರ್ಟಿನ್ ವಾದ ಹೆಚ್ಚು ಹಿಡಿಸಿತು; ಮತಕ್ಕೆ ಕೆಲವೇ ವಾರ ಮುಂಚೆ, ಮೇ ತಿಂಗಳಲ್ಲಿ, ಲಾಸ್ ಏಂಜಲೀಸಿನ ಅಸೆಸರ್ ಅಲೆಗ್ಸಾಂಡರ್ ಪೋಪ್ ಹೊಸ ಮೌಲ್ಯಮಾಪನ ಹೊರಗಿಟ್ಟಾಗ ಎದ್ದ ಗದ್ದಲದಲ್ಲಿ ಶಾಲೆಯ ಮಾತು ಅಷ್ಟಾಗಿ ಇರಲಿಲ್ಲ.

ಜಾರ್ವಿಸನ ಬಗ್ಗೆ ಒಂದೆರಡು ಮಾತು. ಯೂಟಾದಲ್ಲಿ 1903ರಲ್ಲಿ ಹುಟ್ಟಿ, ಅಲ್ಲಿ ಪತ್ರಿಕೆ ನಡೆಸಿ, ಆಮೇಲೆ ಲಾಸ್ ಏಂಜಲೀಸಿಗೆ ಬಂದವನು. ಬಾಡಿಗೆ ಮನೆ ಮಾಲೀಕರ ಸಂಘದ ಸಂಬಳದಲ್ಲಿದ್ದ. ಗೆದ್ದ ಮೇಲೆ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಏರಿದ. 1980ರ ‘ಏರ್‌ಪ್ಲೇನ್!’ ಎಂಬ ಹಾಸ್ಯ ಚಿತ್ರದಲ್ಲಿ, ಮೀಟರ್ ಓಡುತ್ತಿರುವ ಟ್ಯಾಕ್ಸಿಯಲ್ಲಿ ಚಾಲಕನಿಗಾಗಿ ಕಾಯುತ್ತ ಕೂತ ಪ್ರಯಾಣಿಕ ಇವನೇ. ಕಂದಾಯ ಇಳಿದರೆ ಬಾಡಿಗೆಯೂ ಇಳಿಯುತ್ತದೆ ಎಂದು ಬಾಡಿಗೆದಾರರಿಗೆ ಭರವಸೆ ಕೊಟ್ಟಿದ್ದ. ಬಾಡಿಗೆ ಇಳಿಯಲಿಲ್ಲ. ಸಿಟ್ಟೆದ್ದ ಬಾಡಿಗೆದಾರರು ಸಾಂತಾ ಮೋನಿಕಾ, ಸ್ಯಾನ್ ಫ್ರಾನ್ಸಿಸ್ಕೋ, ಬರ್ಕ್ಲಿಗಳಲ್ಲಿ ಬಾಡಿಗೆ ನಿಯಂತ್ರಣ ಕಾನೂನು ತರಿಸಿಕೊಂಡರು. ಯಾವ ಕನ್ಸರ್ವೇಟಿವನೂ ಬಯಸದ ಫಲ.

ಕೈಪಿಡಿಯ ವಿರೋಧ ವಾದದ ಕೆಳಗಿನ ಸಹಿಗಳನ್ನು ನೋಡಿ ನಿಂತುಬಿಟ್ಟೆ. ಲಾಸ್ ಏಂಜಲೀಸ್ ಮೇಯರ್, ಡೆಮಾಕ್ರಟ್ ಟಾಮ್ ಬ್ರ್ಯಾಡ್ಲಿ ಇರುವುದು ಸಹಜ. ಜೊತೆಗಿರುವವನು ಹ್ಯೂಸ್ಟನ್ ಫ್ಲೂರ್ನಾಯ್, ರಾಜ್ಯದ ಮಾಜಿ ಕಂಟ್ರೋಲರ್, 1974ರಲ್ಲಿ ರಾಜ್ಯಪಾಲ ಹುದ್ದೆಗೆ ರಿಪಬ್ಲಿಕನ್ ಪಕ್ಷದಿಂದಲೇ ನಿಂತು ಬ್ರೌನ್ ಎದುರು ಸೋತವನು. ಈ ತೆರಿಗೆ ಕಡಿತದ ಮೂರನೇ ಎರಡರಷ್ಟು ಲಾಭ ವ್ಯಾಪಾರಿ ಆಸ್ತಿಗಳಿಗೆ ಮತ್ತು ಬಾಡಿಗೆ ಮನೆ ಮಾಲೀಕರಿಗೆ ಹೋಗುತ್ತದೆ ಎಂಬುದು ಅವರ ಮುಖ್ಯ ತಕರಾರು. ಇನ್ನೊಬ್ಬ ರಿಪಬ್ಲಿಕನ್, ಮರಿನ್ ಕೌಂಟಿಯ ಸೆನೆಟರ್ ಪೀಟರ್ ಬೆಹ್ರ್, ಬದಲಿ ದಾರಿಯನ್ನೇ ರೂಪಿಸಿದ. ವಾಸದ ಮನೆಗಳಿಗೆ ಮಾತ್ರ ಸುಮಾರು ಶೇ. 30 ಕಡಿತ, ಆ ನಷ್ಟವನ್ನು ರಾಜ್ಯದ ಹೆಚ್ಚುವರಿ ಹಣದಿಂದ ತುಂಬುವುದು, ಸ್ಥಳೀಯ ಸಂಸ್ಥೆಗಳ ಆದಾಯದ ಏರಿಕೆಗೆ ಒಂದು ಮಿತಿ. ದರ ನಿಗದಿ ಮಾಡುವ ಅಧಿಕಾರ ಊರುಗಳಲ್ಲೇ ಉಳಿಯುತ್ತಿತ್ತು. ಅದಕ್ಕೆ ಬೇಕಾದ ಸಂವಿಧಾನ ತಿದ್ದುಪಡಿ ಅದೇ ದಿನ ಪ್ರಪೊಸಿಷನ್ 8 ಎಂಬ ಹೆಸರಿನಲ್ಲಿ ಮತಕ್ಕೆ ಬಂತು. ಇಂಥ ಮಿತಿಯ ಯತ್ನ ಹೊಸದೇನಲ್ಲ. ಐದು ವರ್ಷ ಹಿಂದೆ, 1973ರಲ್ಲಿ, ರಾಜ್ಯಪಾಲನಾಗಿದ್ದ ರೊನಾಲ್ಡ್ ರೇಗನ್ ರಾಜ್ಯದ ಖರ್ಚಿಗೇ ಮಿತಿ ಹಾಕಲು ಹೋಗಿ ಸೋತಿದ್ದ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಆಗಲೂ ರೇಗನ್ ಪರ ಪ್ರಚಾರ ಮಾಡಿದ್ದ, ಜಾರ್ವಿಸನಿಗೂ ಬೆಂಬಲ ಕೊಟ್ಟ.

ಪ್ರಪೊಸಿಷನ್ 13ಕ್ಕೆ ಸುಮಾರು ಶೇ. 65 ಮತ ಬಿತ್ತು. ಮತ ನಡೆದ ಮೂರೇ ವಾರದೊಳಗೆ ರಾಜ್ಯ ಊರುಗಳಿಗೆ ಪರಿಹಾರದ ಕಾನೂನು ತಂದಿತು, ಆ ವರ್ಷದ 292ನೇ ಅಧ್ಯಾಯ. ಇದನ್ನು ಓದಲೇಬೇಕು. ದುಡ್ಡಿನ ಜೊತೆ ಷರತ್ತೂ ಇದೆ: ರಾಜ್ಯದ ನೌಕರರಿಗೆ ಸಿಗುವುದಕ್ಕಿಂತ ಹೆಚ್ಚು ಸಂಬಳ ಏರಿಸಿದ ಊರಿಗೆ ಹಣ ಇಲ್ಲ. ಅಂದರೆ ತಮ್ಮ ಗುಮಾಸ್ತನಿಗೆ ಎಷ್ಟು ಕೊಡಬೇಕೆಂಬುದನ್ನೂ ಊರವರು ಸ್ಯಾಕ್ರಮೆಂಟೋವನ್ನು ಕೇಳಬೇಕಾಯಿತು. ಮರುವರ್ಷ ಕೋರ್ಟು ಆ ಷರತ್ತನ್ನು ಹೊಡೆದುಹಾಕಿತು. ಹಿಂದೆಯೇ ಎಬಿ 8 ಬಂತು. 1992 ಮತ್ತು 93ರಲ್ಲಿ ರಾಜ್ಯಕ್ಕೆ ಕೈ ಬಿಗಿಯಾದಾಗ, ನಗರಗಳ ಮತ್ತು ಕೌಂಟಿಗಳ ಕಂದಾಯದ ಪಾಲನ್ನು ಕತ್ತರಿಸಿ ಶಾಲೆಗಳ ಲೆಕ್ಕಕ್ಕೆ ಹಾಕಿ ತನ್ನ ಹೊರೆ ಇಳಿಸಿಕೊಂಡಿತು. ಅದಕ್ಕೆ ಕಡಿವಾಣ ಹಾಕಲು 2004ರಲ್ಲಿ ಮತ್ತೊಂದು ತಿದ್ದುಪಡಿಯೇ ಬೇಕಾಯಿತು. ಕಂದಾಯದಲ್ಲಿ ಏನೂ ಗಿಟ್ಟದ ನಗರಗಳು ಮಾರಾಟ ತೆರಿಗೆಯ ಬೆನ್ನು ಬಿದ್ದು, ಮನೆ ಕಟ್ಟಲು ಬಂದವರಿಗಿಂತ ಕಾರು ಮಳಿಗೆ ತೆರೆಯಲು ಬಂದವರಿಗೆ ಕೆಂಪು ಹಾಸು ಹಾಸಿದವು.

ಊರಿನ ಹುಂಡಿ ರಾಜ್ಯದ ಕೈಗೆ ಹೋಗುವುದು ಅಮೆರಿಕದ ವಿಚಿತ್ರ ಮಾತ್ರವಲ್ಲ. ಅದೇ 1979ರಲ್ಲಿ ಕರ್ನಾಟಕ ಪುರಸಭೆಗಳ ಆಕ್ಟ್ರಾಯ್ ಸುಂಕ ತೆಗೆದು ಪ್ರವೇಶ ತೆರಿಗೆ ತಂದಿತು. ಲಾರಿಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿದ್ದ ನಾಕಾಗಳು ಹೋದವೆಂದು ಯಾರೂ ಅಳಲಿಲ್ಲ. ಆದರೆ ಪುರಸಭೆ ತಾನೇ ವಸೂಲು ಮಾಡುತ್ತಿದ್ದ ದುಡ್ಡು ರಾಜ್ಯದ ಬೊಕ್ಕಸ ಸುತ್ತಿ ಅನುದಾನವಾಗಿ ಬರತೊಡಗಿತು.

ಪ್ರಪೊಸಿಷನ್ 13ರ ಪರವಾಗಿ ನಾನು ಓದಿದ ಅತ್ಯುತ್ತಮ ವಾದ ಜಾರ್ವಿಸನದಲ್ಲ, 1992ರ ಅಮೆರಿಕ ಸುಪ್ರೀಂ ಕೋರ್ಟಿನದು. ಸ್ಟೆಫನಿ ನಾರ್ಡ್ಲಿಂಗರ್ ಎಂಬಾಕೆ 1988ರಲ್ಲಿ ಲಾಸ್ ಏಂಜಲೀಸಿನ ಬಾಲ್ಡ್ವಿನ್ ಹಿಲ್ಸಿನಲ್ಲಿ 1,70,000 ಡಾಲರಿಗೆ ಮನೆ ಕೊಂಡಳು. ತೆರಿಗೆ 1,701 ಡಾಲರ್ ಬಂತು. ಅಂಥದೇ ಮನೆಯ ಹಳೆಯ ಮಾಲೀಕರೊಬ್ಬರಿಗೆ ಬರೀ 358 ಡಾಲರ್. ಇದು ಸಮಾನತೆಗೆ ವಿರುದ್ಧ ಎಂದು ಆಕೆ ಕೋರ್ಟಿಗೆ ಹೋದಳು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಬರೆದ 8-1ರ ತೀರ್ಪು ಆಕೆಯ ವಿರುದ್ಧ ಬಂತು. ನೆಲೆಯೂರಿದ ಕೇರಿ ಚದುರಬಾರದೆಂದು ರಾಜ್ಯ ಬಯಸಬಹುದು. ಹಳೆಯ ಮಾಲೀಕ ನಂಬಿ ಬದುಕಿದ್ದಾನೆ, ಹೊಸಬ ತಿಳಿದೇ ಕೊಳ್ಳುತ್ತಾನೆ ಎಂಬುದು ಅದರ ಆಧಾರ. ಇದ್ದ ಬದುಕನ್ನು ಕೆಡಿಸಬೇಡಿ ಎನ್ನುವ ಈ ಮಾತಿನಲ್ಲಿ ಅಪ್ಪಟ ಕನ್ಸರ್ವೇಟಿವ್ ವಿವೇಕ ಇದೆ, ಅದನ್ನು ಒಪ್ಪುತ್ತೇನೆ. ಆದರೆ ಆ ವಿವೇಕ ಮನೆಯ ಹೊಸ್ತಿಲಿಗೇ ನಿಂತಿತು. ಊರಿಗೂ ತನ್ನದೇ ಆದ ಬದುಕು, ತನ್ನದೇ ಆದ ರೂಢಿ ಇರುತ್ತದೆ ಎಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಿತವ್ಯಯದಿಂದ ಬಾಳಿದ ಊರುಗಳಿಗೆ ಕನಿಷ್ಠ ಪಾಲು ಕೊಡಿಸಲು ಶಾಸಕಾಂಗ 1980ರ ದಶಕದ ಕೊನೆಯಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಸಾಂತಾ ಕ್ಲಾರಾದ ನಾಲ್ಕು ಊರುಗಳಿಗೆ ಅದೂ ಪೂರ್ತಿ ದಕ್ಕದೆ, ಅವು 2000ದ ನಂತರವೂ ಸ್ಯಾಕ್ರಮೆಂಟೋದ ಬಾಗಿಲು ತಟ್ಟುತ್ತಲೇ ಇದ್ದವು.

ದಾಖಲೆಗಳನ್ನೆಲ್ಲ ಓದಿದ ಮೇಲೆ ನನ್ನ ತೀರ್ಮಾನ ಇಷ್ಟು: 1978ರ ಕ್ಯಾಲಿಫೋರ್ನಿಯಾದಲ್ಲಿ ಕನ್ಸರ್ವೇಟಿವ್ ಎಂಬ ಹೆಸರಿಗೆ ಹೆಚ್ಚು ಹಕ್ಕುದಾರ ಜಾರ್ವಿಸ್ ಅಲ್ಲ, ಬೆಹ್ರ್. ಅವನ ಪ್ರಪೊಸಿಷನ್ 8 ಶೇ. 47 ಮತ ಪಡೆದು ಬಿದ್ದುಹೋಯಿತು.