ಗಾಲಿ ಹಳಿ ಬಿಟ್ಟರೆ ಚಾಲಕನಿಗೆ ಹೇಳುವವರು ಯಾರು?

ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಹುಮನಾಬಾದ್ ಈ ಮಾರ್ಗದಲ್ಲೇ ಇದೆ. ಬಸವಕಲ್ಯಾಣಕ್ಕೆ ಹಳಿ ಇಲ್ಲ. ಅಲ್ಲಿಯವರು ಹುಮನಾಬಾದಿಗೋ ಭಾಲ್ಕಿಗೋ ಬಂದು ರೈಲು ಹತ್ತುತ್ತಾರೆ.

ಅದಕ್ಕೂ ಎರಡು ವರ್ಷ ಮೊದಲು, 2015ರ ಸೆಪ್ಟೆಂಬರ್ 12ರ ನಸುಕಿನಲ್ಲಿ, ಕಲಬುರಗಿ ಸಮೀಪದ ಮರತೂರಿನಲ್ಲಿ ಮುಂಬೈಗೆ ಹೊರಟಿದ್ದ ದುರಂತೋ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಇಬ್ಬರು ಪ್ರಾಣ ಕಳೆದುಕೊಂಡರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ 'ಮಿತಾಕ್ಷರ' ಬರೆದ ವಿಜ್ಞಾನೇಶ್ವರನ ಊರೆಂದು ಹೆಸರಾದ ಮರತೂರು ಅದು.

ಡಬ್ಬಿ ಉರುಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಹಿಂದಿನ ಡಬ್ಬಿಯ ಒಂದು ಜೋಡಿ ಗಾಲಿ ಮಾತ್ರ ಕೆಳಗಿಳಿದರೆ ಚಾಲಕನಿಗೆ ತಿಳಿಯದೇ ಹೋಗಬಹುದು. 1998ರಲ್ಲಿ ಜರ್ಮನಿಯ ಎಶೆಡೆಯಲ್ಲಿ ಗಾಲಿಯ ಉಕ್ಕಿನ ಪಟ್ಟಿ ಒಡೆದ ಮೇಲೂ ರೈಲು ಸುಮಾರು 6 ಕಿ.ಮೀ. ಓಡಿತು. ಆಮೇಲೆ ಹಳಿ ತಪ್ಪಿ 101 ಜನ ಸತ್ತರು.

ಹಿಂದೆ ನಿಲ್ದಾಣದಲ್ಲಿ ನೌಕರ ಸುತ್ತಿಗೆಯಿಂದ ಗಾಲಿ ಬಡಿದು ಸದ್ದು ಕೇಳುತ್ತಿದ್ದ. ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಇಡೀ ರೈಲಿಗೆ ಒಂದೇ ಬ್ರೇಕ್ ಪೈಪು ಬಂದ ಮೇಲೆ, ಡಬ್ಬಿ ಕಳಚಿ ಪೈಪು ಹರಿದರೆ ರೈಲು ತಾನೇ ನಿಲ್ಲತೊಡಗಿತು. ಪೈಪು ಹರಿಯದಿದ್ದರೆ ಇಲ್ಲ.

ಆ ಕೊರತೆಗೆಂದೇ ಸೆನ್ಸರ್ ಬಂತು. ಸ್ವಿಟ್ಜರ್ಲೆಂಡಿನಲ್ಲಿ ರಾಸಾಯನಿಕ ಸಾಗಿಸುವ ವ್ಯಾಗನ್‌ಗಳಿಗೆ ಹಾಕಿದ ಸಾಧನ, ಕುಲುಕಾಟ ಮಿತಿ ಮೀರಿದೊಡನೆ ಪೈಪಿನ ಗಾಳಿ ಬಿಟ್ಟು ಬ್ರೇಕ್ ಹಾಕುತ್ತದೆ.

ಆದರೆ ಅದು ಎಚ್ಚರಿಸುವುದು ಗಾಲಿ ಇಳಿದ ಮೇಲೆ. ಹಳಿಯ ಬಿರುಕನ್ನು ಮೊದಲೇ ಕಾಣಲು ಹಳಿಗುಂಟ ನಡೆಯುವ ಕೀಮ್ಯಾನ್ ಬೇಕು. ಸೆನ್ಸರ್ ಬಂತೆಂದು ಅವನ ಕೆಲಸ ಕಡಿಮೆ ಮಾಡಬಾರದು.