ಉಚಿತ ಟಿಕೆಟ್ಟಿನ ಹಿಂದಿನ ಕಥೆ

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಶಾಲೆಗೆ ರಜೆ ಬಂತೆಂದರೆ ಅನೇಕ ಕುಟುಂಬಗಳ ಮನಸ್ಸು ಗೋಲ್ಡ್ ಕೋಸ್ಟ್ ಕಡೆ ಓಡುತ್ತದೆ. ಅಲ್ಲಿ ಯಾರೋ ನಗುತ್ತಾ ಅಡ್ಡ ಬರುತ್ತಾರೆ: ಗಂಡ ಹೆಂಡತಿ ಇಬ್ಬರೂ ಬಂದು ತೊಂಬತ್ತು ನಿಮಿಷ ಕೂತರೆ ಥೀಮ್ ಪಾರ್ಕ್ ಟಿಕೆಟ್ ಉಚಿತ.

ಆ ತೊಂಬತ್ತು ನಿಮಿಷದಲ್ಲಿ ಮಾರುವುದು ಟೈಮ್‌ಶೇರ್, ಅಂದರೆ ರಜೆಯ ಮನೆಯಲ್ಲಿ ಒಂದು ಪಾಲು. ಈ ವ್ಯಾಪಾರದ ಬೇರು ಯುರೋಪಿನಲ್ಲಿದೆ. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಾಪಿಮ್ಯಾಗ್ ಎಂಬ ಕಂಪನಿ ಶುರುವಾಯಿತು; ರಜೆಯ ಮನೆಗಳನ್ನು ಹಲವರು ಸೇರಿ ಹಂಚಿಕೊಳ್ಳುವ ಸರಳ ಯೋಚನೆ ಅದು. 1974ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡಿಹಾನ್ ದಂಪತಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಕಟ್ಟಿದ ಮೇಲೆ ಒಂದೂರಿನಲ್ಲಿ ಕೊಂಡ ರಜೆಯ ವಾರವನ್ನು ಇನ್ನೊಂದೂರಿನ ವಾರಕ್ಕೆ ಬದಲಾಯಿಸಿಕೊಳ್ಳುವುದು ಸಾಧ್ಯವಾಯಿತು. ಯೋಚನೆ ಒಳ್ಳೆಯದೇ. ಕೆಟ್ಟಿದ್ದು ಮಾರುವ ರೀತಿ.

ಬೆಂಗಳೂರಿನಿಂದ ಮೆಲ್ಬರ್ನ್‌ಗೆ ಹೋದವರಿಗೆ ಈ ಆಟ ಹೊಸದಲ್ಲ. ಭಾರತದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಮಹೀಂದ್ರ ಹಾಲಿಡೇಸ್ ಎಂಬ ಟೈಮ್‌ಶೇರ್ ಕಂಪನಿಗಳು ಹುಟ್ಟಿದವು. ಮಾಲ್‌ನಲ್ಲಿ ಕೂಪನ್ ತುಂಬಿದವರಿಗೆ ಲಕ್ಕಿ ಡ್ರಾ ಗೆದ್ದಿರಿ ಎಂಬ ಫೋನು, ಹೋಟೆಲಿನಲ್ಲಿ ಊಟದ ಆಹ್ವಾನ ನಗರದ ಎಷ್ಟೋ ಮನೆಗಳಿಗೆ ಗೊತ್ತು.

ಗೋಲ್ಡ್ ಕೋಸ್ಟ್‌ನಲ್ಲೂ ಅದೇ ಆಟ: ದುಂಡು ಮೇಜು, ಕಾಫಿ, ಕಡಲತೀರದ ಆಲ್ಬಂ. ಮೊದಲು ಮಕ್ಕಳ ಹೆಸರು ಕೇಳುತ್ತಾರೆ, ಬೆಲೆ ಕೊನೆಗೆ. ಬೇಡವೆಂದರೆ ಮ್ಯಾನೇಜರ್ ಬಂದು ಕಾಗದದ ಮೇಲೆ ಹಳೆಯ ಅಂಕಿ ಹೊಡೆದು ಸಣ್ಣದೊಂದು ಬರೆಯುತ್ತಾರೆ. ಇವತ್ತು ಮಾತ್ರ! ವರ್ಷ ವರ್ಷ ಕಟ್ಟಬೇಕಾದ ನಿರ್ವಹಣಾ ಶುಲ್ಕದ ಮಾತು ಹಿಂದೆ ಸರಿಯುತ್ತದೆ. ದಣಿದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಶಕಗಳ ಒಪ್ಪಂದಕ್ಕೆ ಸಹಿ ಹಾಕಿಸುವುದು ಅನ್ಯಾಯ.

ಆಸ್ಟ್ರೇಲಿಯಾದ ಕಾನೂನು ಟೈಮ್‌ಶೇರನ್ನು ಹಣಕಾಸು ಉತ್ಪನ್ನವೆಂದೇ ಪರಿಗಣಿಸುತ್ತದೆ. ನಿಯಂತ್ರಕ ಸಂಸ್ಥೆ ಎಎಸ್‌ಐಸಿ 2019ರಲ್ಲಿ ಗ್ರಾಹಕರ ಅನುಭವಗಳ ಮೇಲೆ ವರದಿಯನ್ನೇ ಪ್ರಕಟಿಸಿತು. ಸಹಿ ಹಾಕಿದವರಿಗೆ ಮನಸ್ಸು ಬದಲಿಸಲು ಕನಿಷ್ಠ 7 ದಿನಗಳ ಅವಕಾಶವಿದೆ. ಪ್ರವಾಸ ಮುಗಿಸಿ ಪಾಯಿಂಟ್ ಕುಕ್‌ನ ಮನೆ ಸೇರಿ ಸೂಟ್‌ಕೇಸ್ ಬಿಚ್ಚುವಷ್ಟರಲ್ಲಿ ಆ ಅವಧಿಯಲ್ಲಿ ಅರ್ಧ ಕಳೆದಿರುತ್ತದೆ.