ಎರಡು ಬಾಲದ ಕ್ರಿಯಾಪದ

ಸ್ಪ್ಯಾನಿಷ್ ಕಲಿಯುತ್ತಿದ್ದಾಗ ಒಮ್ಮೆ ‘ಅಬ್ಲಾಸೆ’ ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಗೀಟೆಳೆದು ‘ಅಬ್ಲಾರಾ’ ಅಂತ ತಿದ್ದಿದರು. ತಪ್ಪು ನನ್ನದಲ್ಲ ಅಂತ ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿತ್ತು ಬಿಡಿ!

‘ಅವನು ಮಾತಾಡಲಿ ಅಂತ ಆಸೆಪಟ್ಟೆ’, ‘ಅವನು ಮಾತಾಡಿದ್ದಿದ್ರೆ ಚೆನ್ನಾಗಿತ್ತು’... ನಡೆದದ್ದನ್ನಲ್ಲ, ಬಯಸಿದ್ದನ್ನು, ಊಹಿಸಿದ್ದನ್ನು ಹೇಳುವ ರೂಪ ಇದು. ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಅಂತ ಇದರ ಹೆಸರು. ಹೆಸರು ಕೇಳಿ ಹೆದರಬೇಡಿ, ಮಾಡುವುದು ಸುಲಭ. ‘ಅವರು ಮಾತಾಡಿದರು’ ಅಂದರೆ ಅಬ್ಲಾರೊನ್. ಕೊನೆಯ ‘ರೊನ್’ ಕಿತ್ತು ‘ರಾ’ ಹಚ್ಚಿ: ಅಬ್ಲಾರಾ. ತಿಂದರು, ಕೊಮಿಯೆರೊನ್, ಅದರಿಂದ ಕೊಮಿಯೆರಾ. ಬದುಕಿದರು, ಬಿಬಿಯೆರೊನ್, ಅದರಿಂದ ಬಿಬಿಯೆರಾ. ನೀನು ಆದರೆ ಅಬ್ಲಾರಾಸ್, ನಾವು ಆದರೆ ಅಬ್ಲಾರಾಮೋಸ್, ಅವರು ಆದರೆ ಅಬ್ಲಾರಾನ್. ‘ರಾ’ ಬದಲು ‘ಸೆ’ ಹಚ್ಚಿದರೂ ಸರಿಯೇ: ಅಬ್ಲಾಸೆ, ಕೊಮಿಯೆಸೆ, ಬಿಬಿಯೆಸೆ.

ಒಂದೇ ಕೆಲಸಕ್ಕೆ ಇಬ್ಬರು ಯಾಕೆ? ಉತ್ತರ ಲ್ಯಾಟಿನ್‌ನಲ್ಲಿದೆ. ಅಲ್ಲಿ ‘ಅಮಾವಿಸ್ಸೆಮ್’ ಅನ್ನುವುದು ಮೊದಲಿಂದಲೂ ಊಹೆಯ ರೂಪ. ಅದು ಸವೆದು ಸವೆದು ‘ಅಮಾಸೆ’ ಆಯಿತು. ‘ಅಮಾವೆರಾಮ್’ ಹಾಗಲ್ಲ. ‘ಪ್ರೀತಿಸಿದ್ದೆ’ ಅನ್ನುವ ಅಪ್ಪಟ ಭೂತಕಾಲ, ನಿಜಕ್ಕೂ ನಡೆದ ಸಂಗತಿ. ಅದು ‘ಅಮಾರಾ’ ಆಯಿತು. ಸ್ಪೇನಿನ ಹಳೆಯ ವೀರಕಾವ್ಯ ‘ಎಲ್ ಸಿದ್’ನಲ್ಲೂ ಈ ‘ರಾ’ಗೆ ಹೆಚ್ಚಾಗಿ ಹಳೆಯ ಅರ್ಥವೇ. ಆಮೇಲೆ ‘ಪ್ರೀತಿಸಿದ್ದೆ’ ಅನ್ನಲು ‘ಅಬೀಯಾ ಅಮಾದೊ’ ಅನ್ನುವ ಜೋಡಿಪದ ಬಳಕೆಗೆ ಬಂತು. ಕೆಲಸ ಕಳೆದುಕೊಂಡ ‘ರಾ’ ಮೆಲ್ಲಗೆ ‘ಹಾಗಾಗಿದ್ದರೆ ಹೀಗಾಗುತ್ತಿತ್ತು’ ಅನ್ನುವ ವಾಕ್ಯಗಳೊಳಗೆ ನುಸುಳಿತು. ಶತಮಾನಗಳು ಉರುಳಿದಂತೆ ‘ಸೆ’ಯ ಮನೆಯಲ್ಲೇ ಠಿಕಾಣಿ ಹೂಡಿತು!

ಇವತ್ತು ಲ್ಯಾಟಿನ್ ಅಮೆರಿಕದ ಮಾತಿನಲ್ಲಿ ‘ರಾ’ದ್ದೇ ರಾಜ್ಯ. ಸ್ಪೇನಿನಲ್ಲಿ ‘ಸೆ’ ಇನ್ನೂ ಕೇಳಿಸುತ್ತದೆ, ಆದರೂ ಅಲ್ಲೂ ‘ರಾ’ವೇ ಮುಂದು. ಪಕ್ಕದ ಪೋರ್ಚುಗೀಸಿನಲ್ಲಿ ಮಾತ್ರ ‘ರಾ’ ಬರವಣಿಗೆಯಲ್ಲಿ ಇವತ್ತಿಗೂ ‘ಮಾಡಿದ್ದ’ ಅನ್ನುವ ಹಳೆಯ ಅರ್ಥವನ್ನೇ ಹೇಳುತ್ತದೆ. ಸ್ಪ್ಯಾನಿಷ್ ಪತ್ರಿಕೆಗಳಲ್ಲೂ ‘ಅವರು ಪ್ರಕಟಿಸಿದ್ದ ಪುಸ್ತಕ’ ಅನ್ನಲು ‘ಪುಬ್ಲಿಕಾರಾ’ ಅಂತ ಬರೆಯುವುದುಂಟು. ತವರಿನ ನೆನಪು ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ನಡೆದದ್ದನ್ನು ಹೇಳುತ್ತಿದ್ದ ಪದ ನಡೆಯದ್ದನ್ನು ಹೇಳತೊಡಗಿದ್ದು ವಿಚಿತ್ರ ಅನ್ನಿಸಿತ್ತು. ಆಮೇಲೆ ನಮ್ಮದೇ ಮಾತು ನೆನಪಾಯಿತು. ‘ನೀನು ಬಂದಿದ್ದರೆ...’ ಅನ್ನುತ್ತೇವಲ್ಲ, ಅವನು ಬಂದೇ ಇಲ್ಲ! ಬಾರದವನ ಬಗ್ಗೆ ಹೇಳಲು ನಮಗೂ ‘ಬಂದಿದ್ದ’ ಬೇಕು. ಕೈತಪ್ಪಿದ್ದನ್ನು ಹೇಳುವಾಗ ಎಲ್ಲ ಭಾಷೆಗಳೂ ಹಿಂದಕ್ಕೇ ತಿರುಗಿ ನೋಡುತ್ತವೇನೋ. ನೀವೇನಂತೀರಿ?